ಲಿವರ್ ಫೈಬ್ರೋಸಿಸ್: ಮ್ಯಾಕ್ರೋಫೇಜ್‌ಗಳನ್ನು ತೆಗೆದುಬಿಟ್ಟರೆ ಸಾಕೇ?

ಸೈನುಸಾಯ್ಡ್: ಲಿವರ್‌ನಲ್ಲಿ ಕಲೆ ಕಟ್ಟೋದೇ ಫೈಬ್ರೋಸಿಸ್. ಉರಿಯೂತ ಎಬ್ಬಿಸುವ ಟಿಎನ್‌ಎಫ್ ಸುರಿಸೋದು ಮ್ಯಾಕ್ರೋಫೇಜ್ (ಕಸ ನುಂಗುವ ಪ್ರತಿರಕ್ಷಾ ಕೋಶ), ಟಿಜಿಎಫ್-ಬೀಟಾ ಎಂಬ ಸಂಕೇತ ಕೊಟ್ಟು ಲಿವರ್‌ನ ಸ್ಟೆಲ್ಲೇಟ್ ಕೋಶಗಳನ್ನು ಕಲೆಯ ನಾರಾದ ಕೊಲಾಜೆನ್ ತಯಾರಿಗೆ ಹಚ್ಚೋದೂ ಅದೇ. ಇಲಿಗೆ ಕ್ಲೋಡ್ರೊನೇಟ್ ಲೈಪೊಸೋಮ್ (ಮ್ಯಾಕ್ರೋಫೇಜ್ ನುಂಗಿ ಸಾಯುವ, ಔಷಧಿ ತುಂಬಿದ ಕೊಬ್ಬಿನ ಗುಳ್ಳೆ) ಕೊಟ್ಟು ಅವನ್ನು ತೆಗೆದರೆ ಕಲೆ ಕಡಿಮೆಯಾಗುತ್ತೆ. ಔಷಧಿಗೆ ಇದಕ್ಕಿಂತ ನೇರವಾದ ಗುರಿ ಬೇಕೇ?

ಪೋರ್ಟಲ್_ಟ್ರಯಾಡ್: ಯಾವಾಗ ತೆಗೆದರೆ ಅನ್ನೋದನ್ನೇ ಬಿಟ್ಟಿರಲ್ಲ! 2005ರ ಪ್ರಯೋಗ ನೋಡಿ. ಡಿಫ್ತೀರಿಯಾ ಟಾಕ್ಸಿನ್ ಕೊಟ್ಟರೆ ಮ್ಯಾಕ್ರೋಫೇಜ್ ಸಾಯುವಂಥ ಇಲಿಗಳು. ಲಿವರ್‌ಗೆ ಹಾನಿ ಮಾಡುವ ಕಾರ್ಬನ್ ಟೆಟ್ರಾಕ್ಲೋರೈಡ್ ಚುಚ್ಚುತ್ತಿರುವಾಗಲೇ ಕೊಂದರೆ ಕಲೆ ಕಮ್ಮಿ. ಚುಚ್ಚೋದು ನಿಲ್ಲಿಸಿ, ಲಿವರ್ ಚೇತರಿಸಿಕೊಳ್ಳುವಾಗ ಕೊಂದರೆ ಕಲೆ ಕರಗೋದೇ ಕುಂಠಿತ. ಕೊಲಾಜೆನ್ ಕತ್ತರಿಸುವ ಎಂಎಂಪಿ-13 ಕಿಣ್ವ ಆಗ ಬರೋದು ಇದೇ ಮ್ಯಾಕ್ರೋಫೇಜ್‌ಗಳಿಂದ.

ಸ್ಲೈಡ್_ನೋಡುಗ: ಕ್ಲೋಡ್ರೊನೇಟ್‌ಗೆ ಇನ್ನೊಂದು ತೊಡಕಿದೆ. ಲಿವರ್‌ನಲ್ಲೇ ನೆಲೆಸಿರೋ ಮ್ಯಾಕ್ರೋಫೇಜ್ ಆದ ಕುಪ್ಫರ್ ಕೋಶ, ರಕ್ತದಿಂದ ಹೊಸದಾಗಿ ಬಂದು ಮ್ಯಾಕ್ರೋಫೇಜ್ ಆಗುವ ಮಾನೋಸೈಟ್, ಎರಡನ್ನೂ ಅದು ಕೊಂದುಹಾಕುತ್ತೆ. ಮ್ಯಾಕ್ರೋಫೇಜ್ ಗುರುತಿಸುವ ಎಫ್4/80 ಸ್ಟೇನ್ ಒಂದನ್ನೇ ನಂಬಿದರೂ ಅದೇ ಗತಿ, ಎರಡೂ ಬಣ್ಣ ಹಿಡಿಯುತ್ತವೆ. ಇಲಿಯಲ್ಲಿ ಕ್ಲೆಕ್4ಎಫ್ ಜೊತೆ ಟಿಮ್4 ಎಂಬ ಗುರುತು ಪ್ರೋಟೀನ್‌ಗೂ ಸ್ಟೇನ್ ಹಾಕಿ. ಎರಡೂ ಪಾಸಿಟಿವ್ ಇದ್ದರೆ ಹಳೆಯ ಕುಪ್ಫರ್. ಕ್ಲೆಕ್4ಎಫ್ ಮಾತ್ರ ಬಂದರೆ ಖಾಲಿ ಜಾಗಕ್ಕೆ ಈಚೆಗೆ ಬಂದು ಕೂತದ್ದು, ಏಕೆಂದರೆ ಟಿಮ್4 ತಡವಾಗಿ ಬರುತ್ತೆ. ಮನುಷ್ಯರ ಬಯಾಪ್ಸಿಗೆ ಈ ಲೆಕ್ಕ ಒಗ್ಗಲ್ಲ. ಅಲ್ಲಿ ಸಿರೋಸಿಸ್ ಕಲೆಯ ಪಟ್ಟಿಯೊಳಗೆ ಹುಡುಕಬೇಕಾದ್ದು ಟ್ರೆಮ್2, ಸಿಡಿ9 ಎಂಬ ಗುರುತುಗಳೆರಡೂ ಇರೋ ಮ್ಯಾಕ್ರೋಫೇಜ್‌ಗಳನ್ನು.

ಸೈನುಸಾಯ್ಡ್: ಸರಿ, ಕುಪ್ಫರ್ ಬಿಡೋಣ. ಮಾನೋಸೈಟನ್ನು ಲಿವರ್‌ಗೆ ಕರೆತರುವ ಸಿಸಿಆರ್2 ಗ್ರಾಹಕವನ್ನು ತಡೆದು ಅದು ಬರೋದನ್ನಷ್ಟೇ ನಿಲ್ಲಿಸಿದರೆ?

ಪೋರ್ಟಲ್_ಟ್ರಯಾಡ್: ಸೆನಿಕ್ರಿವಿರಾಕ್ ಎಂಬ ಔಷಧಿ ಮಾಡಿದ್ದು ಅದನ್ನೇ, ಅಂಥದೇ ಇನ್ನೊಂದು ಗ್ರಾಹಕ ಸಿಸಿಆರ್5 ಸಹಿತ. ಕೊಬ್ಬಿನ ಲಿವರ್ ರೋಗಿಗಳ ಮೇಲಿನ ಎರಡನೇ ಹಂತದ ಸೆಂಟಾರ್ ಟ್ರಯಲ್‌ನಲ್ಲಿ ಒಂದು ವರ್ಷಕ್ಕೆ ಫೈಬ್ರೋಸಿಸ್ ಸುಧಾರಿಸಿದ್ದು ಔಷಧಿ ಪಡೆದವರಲ್ಲಿ 20%, ಪ್ಲಾಸಿಬೊದಲ್ಲಿ 10%. ಮೂರನೇ ಹಂತದ ಅರೋರಾ ಫಲ ಕಾಣದೆ ಅರ್ಧಕ್ಕೇ ನಿಂತಿತು. ನನ್ನ ಪ್ರಕಾರ, ಕೊಬ್ಬಿನ ಏಟು ಹೆಪಟೊಸೈಟ್‌ಗೆ (ಲಿವರ್‌ನ ಮುಖ್ಯ ಕೋಶ) ಬೀಳ್ತಾನೇ ಇದ್ದಾಗ ಒಂದು ಬಾಗಿಲು ಮುಚ್ಚಿ ಪ್ರಯೋಜನವಿಲ್ಲ. ಹಾನಿ ಮಾಡೋಕೆ ಸಿಡಿ8 ಟಿ ಕೋಶಗಳೆಂಬ ಪ್ರತಿರಕ್ಷಾ ಕೋಶಗಳು ಬೇರೆ ಇವೆಯಲ್ಲ.

ಎನ್‌ಕೆ_ಪರ: ಕಲೆ ತಡೆಯೋ ಪ್ರತಿರಕ್ಷಾ ಕೋಶಗಳೂ ಇವೆ, ಅವನ್ನು ಯಾರೂ ಎತ್ತಲಿಲ್ಲ. ಎನ್‌ಕೆ (ನ್ಯಾಚುರಲ್ ಕಿಲ್ಲರ್) ಕೋಶಗಳು ಸಕ್ರಿಯ ಸ್ಟೆಲ್ಲೇಟ್ ಕೋಶಗಳನ್ನು ಗುರುತಿಸಿ ಕೊಲ್ಲುತ್ತವೆ, ಮಲಗಿರೋ ಸ್ಟೆಲ್ಲೇಟ್ ತಂಟೆಗೆ ಅಷ್ಟಾಗಿ ಹೋಗಲ್ಲ. ರೋಗ ಬಲಿತು ಟಿಜಿಎಫ್-ಬೀಟಾ ಏರಿದಾಗ ಅವುಗಳ ಈ ಕೊಲ್ಲುವ ಶಕ್ತಿ ಕುಗ್ಗುತ್ತೆ. ಕಂಡಕಂಡ ಪ್ರತಿರಕ್ಷೆಯನ್ನೆಲ್ಲ ಅದುಮಿದರೆ ಇದೂ ಹೋಯಿತು.

ಸ್ಲೈಡ್_ನೋಡುಗ: ಯಾವ ಔಷಧಿಯನ್ನೇ ಪರೀಕ್ಷಿಸಿ, ಲಿವರ್ ಹಾನಿ ತೋರುವ ರಕ್ತದ ಎಎಲ್‌ಟಿ ಇಳಿದ ಮಾತ್ರಕ್ಕೆ ಕಲೆ ಕರಗಿತು ಅನ್ನಬೇಡಿ. ಲಿವರ್‌ನ ಬಿಗಿತ ಅಳೆಯುವ ಎಲಾಸ್ಟೊಗ್ರಫಿಯ ಕಿಲೋಪಾಸ್ಕಲ್ ಅಂಕಿಯೂ ಉರಿಯೂತ ತಗ್ಗಿದರೆ ತಾನೇ ಇಳಿಯುತ್ತೆ, ಕೊಲಾಜೆನ್ ಇದ್ದಷ್ಟೇ ಇದ್ದರೂ. ಕೊಲಾಜೆನ್‌ಗೆ ಬಣ್ಣ ಹಿಡಿಸುವ ಸಿರಿಯಸ್ ರೆಡ್ ಸ್ಟೇನ್ ಹಾಕಿ ಕೊಲಾಜೆನ್ ವಿಸ್ತೀರ್ಣ ಅಳೆಯಿರಿ, ಆಮೇಲೆ ವಾದಿಸೋಣ.