ರಬ್ಬಿಂಗ್ ಆಲ್ಕೋಹಾಲ್: ಫಾರ್ಮಸಿಸ್ಟ್ ಮೇಡಂ ಅವರನ್ನು ಕೇಳಿ

ಹೊಸ ಸದಸ್ಯ: ಮೇಡಂ, ಈ ರಬ್ಬಿಂಗ್ ಸ್ಪಿರಿಟ್, ಅಂದ್ರೆ ಐಸೊಪ್ರೊಪೈಲ್ ಆಲ್ಕೋಹಾಲ್, 70% ಇದೆ, 99% ಇದೆ. ಕ್ರಿಮಿ ಸಾಯೋಕೆ 99 ತಾನೇ ಸ್ಟ್ರಾಂಗ್?

ಫಾರ್ಮಸಿಸ್ಟ್: ಅಲ್ಲ, 70. ಕ್ರಿಮಿಯ ಪ್ರೋಟೀನ್ ಕೆಡಬೇಕಾದರೆ ನೀರೂ ಬೇಕು. 99 ಕ್ಷಣದಲ್ಲಿ ಆರಿಹೋಗುತ್ತೆ, ಕೆಲಸ ಮಾಡೋಕೆ ಪುರುಸೊತ್ತೇ ಸಿಗಲ್ಲ. ಒರೆಸಿದ ಜಾಗ ಅರ್ಧ ನಿಮಿಷವಾದರೂ ಒದ್ದೆಯಾಗಿರಲಿ. ಸ್ಪೋರ್‌ಗಳು (ಕೆಲವು ಕ್ರಿಮಿಗಳ ಗಟ್ಟಿ ಕವಚದ ಸುಪ್ತ ರೂಪ) ಎರಡಕ್ಕೂ ಸಾಯಲ್ಲ.

ಸೋಲ್ಡರ್ ಕೈ: ಸರ್ಕ್ಯೂಟ್ ಬೋರ್ಡಿಗೆ ಮಾತ್ರ 99ನೇ. 70ರ ನೀರು ಚಿಪ್ ಅಡಿಯಲ್ಲಿ ನಿಂತುಬಿಡುತ್ತೆ. ಬ್ಯಾಟರಿ ತೆಗೆದು, ಮೆತ್ತಗಿನ ಬ್ರಷ್‌ನಲ್ಲಿ ಉಜ್ಜಿ, ಪೂರ್ತಿ ಆರಿದ ಮೇಲೆ ಕರೆಂಟ್ ಕೊಡಿ.

ಲೆಕ್ಕದ ಮೇಷ್ಟ್ರು: 99 ಮಾತ್ರ ಇದ್ದರೆ 70 ಮಿಲೀ ತಗೊಂಡು, ಒಟ್ಟು 99 ಮಿಲೀ ಆಗೋವರೆಗೆ ಡಿಸ್ಟಿಲ್ಡ್ ವಾಟರ್ ಸೇರಿಸಿ. 70% ಆಯ್ತು.

ಪುಟ್ಟಿ ಅಮ್ಮ: ಒಂದೂವರೆ ವರ್ಷದ ಮಗು, 102 ಜ್ವರ. ಸ್ಪಿರಿಟ್‌ನಲ್ಲಿ ಅದ್ದಿದ ಕಾಲುಚೀಲ ಹಾಕಿ ಕಂಬಳಿ ಹೊದಿಸಿ ಅಂತ ಫಾರ್ವರ್ಡ್ ಬಂದಿತ್ತು. ಹಾಕಿ ಒಂದು ಗಂಟೆ ಆಯ್ತು. ಈಗ ಗಾಢ ನಿದ್ದೆ. ಒಳ್ಳೇದಲ್ವಾ?

ಫಾರ್ಮಸಿಸ್ಟ್: ಈ ಕ್ಷಣ ಕಾಲುಚೀಲ, ಕಂಬಳಿ ತೆಗೀರಿ. ಮಗುವನ್ನ ಎಬ್ಬಿಸಿ ನೋಡಿ. ಏಳದಿದ್ದರೆ, ಉಸಿರು ನಿಧಾನ ಅನ್ನಿಸಿದರೆ ಆಂಬುಲೆನ್ಸ್ ಕರೀರಿ. ಎದ್ದರೂ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಕಿಟಕಿ ತೆಗೆದು, ಕಾಲನ್ನ ಉಗುರುಬೆಚ್ಚಗಿನ ಸೋಪು ನೀರಲ್ಲಿ ತೊಳೀರಿ. ವಾಂತಿ ಮಾಡಿಸಬೇಡಿ. ಬಾಟಲಿ ಜೊತೆಗೇ ಒಯ್ಯಿರಿ, ಎಷ್ಟು ಹೊತ್ತಿಗೆ ಹಾಕಿದ್ರಿ ಅಂತ ಹೇಳಿ.

ಅದು ನಿದ್ದೆಯಲ್ಲ, ಮಂಪರಿರಬಹುದು. ಮಗುವಿನ ಚರ್ಮ ತೆಳು, ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಜಾಸ್ತಿ. ಒದ್ದೆ ಬಟ್ಟೆ ಸುತ್ತಿ ಮುಚ್ಚಿದರೆ ಒಳಗಿಳಿಯೋದು ಇನ್ನೂ ಹೆಚ್ಚು, ಮೇಲೆ ಆವಿಯನ್ನೂ ಉಸಿರಾಡುತ್ತೆ. ಕುಡಿಯೋ ಆಲ್ಕೋಹಾಲ್‌ಗಿಂತ ಇದು ಮೆದುಳನ್ನ ಹೆಚ್ಚು ಮಂಕು ಮಾಡುತ್ತೆ. ಲಿವರ್ ಇದನ್ನ ಅಸಿಟೋನ್ ಮಾಡುತ್ತೆ, ಹಾಗಾಗಿ ಉಸಿರಲ್ಲಿ ನೇಲ್ ಪಾಲಿಶ್ ರಿಮೂವರ್ ವಾಸನೆ ಬರಬಹುದು. ರಕ್ತದಲ್ಲಿ ಸಕ್ಕರೆ ಅಂಶ ಇಳಿಯೋ ಅಪಾಯವೂ ಇದೆ. ಜ್ವರಕ್ಕಂತೂ ಉಪಯೋಗವೇ ಇಲ್ಲ: ಚರ್ಮ ತಣ್ಣಗಾಗಿ ನಡುಕ ಬಂದರೆ ಒಳಗಿನ ಶಾಖ ಏರುತ್ತೆ.

ಹಳೇ ಬೇರು: ಸುಮ್ನೆ ಹೆದರಿಸ್ತೀರಲ್ಲ ಮೇಡಂ. ಹಿಂದಿನವರು ಹೀಗೇ ಮಾಡ್ತಿರ್ಲಿಲ್ವಾ?

ಸೋಲ್ಡರ್ ಕೈ: ಮಗು ಮಂಪರಲ್ಲಿದೆ, ನಿಮಗೆ ಹಿಂದಿನವರ ಚಿಂತೆ!

ಹಳೇ ಬೇರು: ನೀವು ಡಾಕ್ಟ್ರಾ? ಬೋರ್ಡ್ ಉಜ್ಜಿಕೊಂಡಿರಿ.

ಫಾರ್ಮಸಿಸ್ಟ್: ಆ ಫಾರ್ವರ್ಡ್ ಹಾಕಿದವರು ಡಿಲೀಟ್ ಮಾಡಿ. ಈಗಲೇ.

ಮನೆಗೆಲಸ: ಬ್ಲೀಚ್ ಜೊತೆ ಬೆರೆಸಿ ನೆಲ ಒರೆಸಿದರೆ ಡಬಲ್ ಎಫೆಕ್ಟ್ ಅಂತಾರಲ್ಲ?

ಫಾರ್ಮಸಿಸ್ಟ್: ಬೇಡ, ಕ್ಲೋರೋಫಾರ್ಮ್ ಅನ್ನೋ ವಿಷ ಹುಟ್ಟುತ್ತೆ. ಬೆರೆಸಿಬಿಟ್ಟಿದ್ದರೆ ಬಗ್ಗಿ ಮೂಸಬೇಡಿ, ಬಾಗಿಲು ತೆಗೆದಿಟ್ಟು ಹೊರಗೆ ಬನ್ನಿ.

ನೀಲಿ: ಮೊಡವೆಗೆ ಹಚ್ಚಬಹುದಾ?

ಮನೆಗೆಲಸ: ಹಾಗಾದ್ರೆ ಅಡುಗೆಮನೆ ಕಟ್ಟೆಗೆ ಬರೀ ಸ್ಪಿರಿಟ್ ಸ್ಪ್ರೇ ಮಾಡ್ಲಾ?

ಫಾರ್ಮಸಿಸ್ಟ್: ಒಲೆ ಆರಿಸಿ, ಬಟ್ಟೆಗೆ ಹಾಕಿಕೊಂಡು ಒರೆಸಿ, ಗಾಳಿಗೆ ಸ್ಪ್ರೇ ಬೇಡ. ಆವಿ ಗಾಳಿಗಿಂತ ಭಾರ, ತಗ್ಗಲ್ಲಿ ಹರಿದು ದೂರದ ಬೆಂಕಿಯನ್ನೂ ಮುಟ್ಟುತ್ತೆ. ಹೊತ್ತಿದ ಜ್ವಾಲೆ ಜೋರು ಬೆಳಕಲ್ಲಿ ಸರಿಯಾಗಿ ಕಾಣದೇ ಇರಬಹುದು.

ಲೆಕ್ಕದ ಮೇಷ್ಟ್ರು: ಅಕ್ರಿಲಿಕ್ ಪ್ಲಾಸ್ಟಿಕ್ ಮೇಲೂ ಬೇಡ, ಬಿರುಕು ಬಿಡುತ್ತೆ.

ಸೋಲ್ಡರ್ ಕೈ: ಲೇಪನವಿಲ್ಲದ ಬರೀ ಗಾಜಿಗೆ ಏನೂ ಆಗಲ್ಲ.

ಲೆಕ್ಕದ ಮೇಷ್ಟ್ರು: ನಾನು ಗಾಜು ಅಂದೆನಾ? ಓದಿ ಬರೀರಿ.

ಹೊಸ ಸದಸ್ಯ 2: ಗಾಯಕ್ಕೆ ಹಾಕಬಹುದಾ? 99 ಒಳ್ಳೇದಾ 70ಆ?

ಫಾರ್ಮಸಿಸ್ಟ್: ಗಾಯಕ್ಕೆ ಯಾವುದೂ ಬೇಡ, ಶುದ್ಧ ನೀರು ಸಾಕು. ಉಳಿದದ್ದು ಮೇಲೆ ಓದಿ.

ಪುಟ್ಟಿ ಅಮ್ಮ: ಎದ್ದಳು, ಅಳ್ತಿದ್ದಾಳೆ, ಆದ್ರೂ ತೂಕಡಿಸ್ತಿದ್ದಾಳೆ. ಗಾಡೀಲಿದ್ದೀವಿ.

ಫಾರ್ಮಸಿಸ್ಟ್: ಬಾಟಲಿ?

ಪುಟ್ಟಿ ಅಮ್ಮ: ಕೈಲಿದೆ. 70% ಅಂತ ಬರೆದಿದೆ.