ತುಮಕೂರಿನ ದೀರ್ಘಾವಧಿ ಆದ್ಯತೆಗಳ ಪ್ರಗತಿಯನ್ನು ಅಳೆಯುವುದು ಹೇಗೆ?

ಶೆಟ್ಟಿಹಳ್ಳಿ ನಿವಾಸಿ: 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ನಮ್ಮ ನಗರದಲ್ಲಿ ಆ ಯೋಜನೆಯ ಅವಧಿ 2025ರ ಮಾರ್ಚ್‌ಗೆ ಮುಗಿದಿರುವುದರಿಂದ, ನೀರು, ಒಳಚರಂಡಿ, ಕೆರೆಗಳಂಥ ಆದ್ಯತೆಗಳು ಎಲ್ಲಿಗೆ ಬಂದಿವೆ ಎಂಬುದನ್ನು ನಾಗರಿಕರು ವರ್ಷದಿಂದ ವರ್ಷಕ್ಕೆ ಹೇಗೆ ತಿಳಿಯಬಹುದು?

ನಿವೃತ್ತ ಎಂಜಿನಿಯರ್: ಖರ್ಚಾದ ಹಣವನ್ನೇ ಪ್ರಗತಿಯೆಂದು ಎಣಿಸಬೇಡಿ, ಸ್ವಾಮಿ. ಹೇಮಾವತಿ ನೀರು ನಗರಕ್ಕೆ ಕುಡಿಯುವ ನೀರು ಕೊಡುವ ಬುಗುಡನಹಳ್ಳಿ ಕೆರೆ ಸೇರುವುದು ಒಂದು ಲೆಕ್ಕ. ಅದು ನಿಮ್ಮ ಬೀದಿಯ ನಲ್ಲಿಯಲ್ಲಿ ವಾರಕ್ಕೆ ಎಷ್ಟು ದಿನ, ಎಷ್ಟು ಗಂಟೆ ಬರುತ್ತದೆ ಎಂಬುದು ಬೇರೆಯೇ ಲೆಕ್ಕ, ನನ್ನ ಮಟ್ಟಿಗೆ ಅದೇ ನಿಜವಾದ ಅಳತೆ. ಇಂದಿನ ಸ್ಥಿತಿಯನ್ನು ಮೊದಲು ಬರೆದಿಡಿ.

ವಕೀಲೆ: ಮಾಹಿತಿ ಹಕ್ಕು ಕಾಯ್ದೆ, 2005ರ ಸೆಕ್ಷನ್ 4ರಂತೆ ಪಾಲಿಕೆಯಂಥ ಸರ್ಕಾರಿ ಸಂಸ್ಥೆಗಳು ಆಯವ್ಯಯದ ವಿವರಗಳನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು, ಉಳಿದದ್ದಕ್ಕೆ ಅರ್ಜಿ ಹಾಕಿದರೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರಿಸಬೇಕು.

ಶೆಟ್ಟಿಹಳ್ಳಿ ನಿವಾಸಿ: ನಲ್ಲಿಯ ಲೆಕ್ಕವನ್ನು ಈ ತಿಂಗಳಿಂದಲೇ ಆರಂಭಿಸುತ್ತೇನೆ.