ಮಕ್ಕಳಿಗೆ ಕನ್ನಡ ಎಷ್ಟು ಬಂತು ಎಂದು ತರಗತಿಯಲ್ಲೇ ನೋಡಿ ತಿಳಿಯುವುದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ಪಾವಗಡ ತಾಲ್ಲೂಕಿನ ಶಾಲೆಯೊಂದರಲ್ಲಿ ನಲಿ ಕಲಿ (ಮೂರು ತರಗತಿಯ ಮಕ್ಕಳು ಒಟ್ಟಿಗೆ ಕುಳಿತು ಚಟುವಟಿಕೆಗಳ ಮೂಲಕ ಕಲಿಯುವ) ತರಗತಿ ತೆಗೆದುಕೊಳ್ಳುತ್ತಿದ್ದೇನೆ. ಒಂದರಿಂದ ಮೂರನೆಯ ತರಗತಿಯವರೆಗೆ ಒಟ್ಟು 28 ಮಕ್ಕಳು, ಹೆಚ್ಚಿನವರ ಮನೆಮಾತು ತೆಲುಗು. ನೋಡಿ ಬರೆಯುವುದೆಂದರೆ ಅಕ್ಷರ ಮುತ್ತಿನಂತೆ. ಮಾತನಾಡಿಸಿದರೆ ಬಾಯಿ ಬಿಡುವುದಿಲ್ಲ. ರೂಪಣಾತ್ಮಕ ಮೌಲ್ಯಮಾಪನದ (ಕಲಿಕೆ ನಡೆಯುತ್ತಿರುವಾಗಲೇ ಆಗಾಗ ಮಾಡುವ ಮೌಲ್ಯಮಾಪನ) ದಾಖಲೆಯಲ್ಲಿ ‘ಅವಲೋಕನ’ ಎಂದಿರುವ ಕಡೆ ಎಲ್ಲರಿಗೂ ‘ಉತ್ತಮ’ ಎಂದು ಬರೆದುಬಿಡುತ್ತಿದ್ದೇನೆ. ಮನಸ್ಸು ಒಪ್ಪುತ್ತಿಲ್ಲ. ಏನನ್ನು ನೋಡಬೇಕು?

ಉತ್ತರ: ‘ಉತ್ತಮ’ವನ್ನು ಸ್ವಲ್ಪ ದಿನ ಪಕ್ಕಕ್ಕಿಡಿ ಸರ್. ಒಂದು ಪುಸ್ತಕದಲ್ಲಿ ಮಗುವಿಗೊಂದು ಪುಟ ಇಟ್ಟು, ಮಗು ಆಡಿದ ಮಾತನ್ನು ಆಡಿದ ಹಾಗೆಯೇ, ದಿನಾಂಕ ಹಾಕಿ ಬರೆದುಕೊಳ್ಳಿ.

ತೆಲುಗಿನಲ್ಲಿ ‘ಅಕ್ಕ ವಚ್ಚಿಂದಿ’ (ಅಕ್ಕ ಬಂದಳು), ‘ಬಸ್ಸು ವಚ್ಚಿಂದಿ’ (ಬಸ್ಸು ಬಂತು). ಹೆಣ್ಣಿಗೂ ವಸ್ತುವಿಗೂ ಕ್ರಿಯಾಪದದ ರೂಪ ಒಂದೇ. ಆದ್ದರಿಂದಲೇ ತೆಲುಗು ಮನೆಮಾತಿನ ಮಕ್ಕಳು ಕನ್ನಡದಲ್ಲಿ ಬಾಯಿ ಬಿಟ್ಟಾಗ ‘ಅಕ್ಕ ಬಂತು’ ಎನ್ನುತ್ತಾರೆ. ನಾನು ಗಡಿಭಾಗದ ಶಾಲೆಯಲ್ಲಿದ್ದಾಗ ಎರಡನೆಯ ತರಗತಿಯ ಹುಡುಗಿಯೊಬ್ಬಳ ಪುಟದಲ್ಲಿ ಬರೆದಿಟ್ಟದ್ದು ಹೀಗಿತ್ತು. ಜೂನ್: ‘ಅಮ್ಮ ಹೊಲಕ್ಕೆ ಹೋಯಿತು.’ ಆಗಸ್ಟ್: ‘ಅಮ್ಮ ಹೋಯಿತು... ಹೋದಳು.’ ನವೆಂಬರ್: ಪಕ್ಕದ ಹುಡುಗ ‘ಟೀಚರ್ ಬಂತು’ ಎಂದ ಕೂಡಲೇ ಇವಳು ‘ಬಂತು ಅನ್ನಬಾರದು, ಬಂದರು’ ಎಂದಳು. ಆಗಸ್ಟ್ ತಿಂಗಳಲ್ಲಿ ಅವಳು ನಡುವೆ ತಡೆದು ನಿಂತಳಲ್ಲ, ಅದನ್ನು ಕೇಳಿಸಿಕೊಂಡ ದಿನ ನನಗಾದ ಸಂತೋಷ ಇಂದಿಗೂ ನೆನಪಿದೆ. ಲಿಖಿತ ಪರೀಕ್ಷೆಯ ಯಾವ ಅಂಕದಲ್ಲೂ ಅದು ಸಿಗುತ್ತಿರಲಿಲ್ಲ.

ಮಾತನಾಡದ ಮಗುವಿಗೆ ಅರ್ಥವಾಗುತ್ತಿಲ್ಲ ಎಂದುಕೊಳ್ಳಬೇಡಿ. ‘ಕಿಟಕಿಯ ಹತ್ತಿರ ಇರುವ ನೀಲಿ ಡಬ್ಬಿ ತಾ’ ಎಂದು ಹೇಳಿ ಅದರ ಕಣ್ಣನ್ನು ನೋಡಿ. ಮೊದಲು ಗೆಳೆಯನ ಮುಖ ನೋಡುತ್ತದೆಯೋ, ನೇರವಾಗಿ ಕಿಟಕಿಯ ಕಡೆ ನಡೆಯುತ್ತದೆಯೋ? ಅದನ್ನೂ ಬರೆದುಕೊಳ್ಳಿ. ಸ್ವಕಲಿಕೆಯ ಗುಂಪಿನ (ಶಿಕ್ಷಕರ ನೆರವಿಲ್ಲದೆ ತಾವೇ ಕಲಿಯುವ ಮಕ್ಕಳ ಗುಂಪು) ಹಿಂದೆ ಸುಮ್ಮನೆ ಕುಳಿತರೆ, ನಿಮ್ಮೆದುರು ತುಟಿ ಬಿಚ್ಚದವರು ಅಲ್ಲಿ ಕನ್ನಡದ ಪದ್ಯ ಗುನುಗುವುದೂ ಕಿವಿಗೆ ಬೀಳುತ್ತದೆ. ದಿನಕ್ಕೆ ಐದು ಮಕ್ಕಳಂತೆ ಹಿಡಿದರೆ ವಾರದೊಳಗೆ ಒಂದು ಸುತ್ತು ಮುಗಿಯುತ್ತದೆ.

ಪ್ರಶ್ನೆ: ತಪ್ಪು ಹೇಳಿದಾಗ ಅಲ್ಲೇ ತಿದ್ದಬೇಕೇ ಮೇಡಂ?

ಉತ್ತರ: ತಪ್ಪನ್ನು ಎತ್ತಿ ತೋರಿಸಬೇಡಿ. ತಿದ್ದಿಸಿಕೊಂಡ ಮಗು ಮಾರನೆಯ ದಿನ ಮಾತನ್ನೇ ನಿಲ್ಲಿಸಿದರೆ ನೀವು ನೋಡುವುದಕ್ಕೆ ಏನೂ ಉಳಿಯುವುದಿಲ್ಲ. ‘ಓ, ಅಕ್ಕ ಬಂದಳೇ? ಏನು ತಂದಳು?’ ಎಂದು ಮಾತು ಮುಂದುವರಿಸಿ. ಸರಿಯಾದ ರೂಪ ಕಿವಿಗೆ ಬಿದ್ದಿರುತ್ತದೆ.

ಇನ್ನೊಬ್ಬ ಶಿಕ್ಷಕಿಯ ಪ್ರಶ್ನೆ: ಶಾಲೆಗೆ ಬರುವ ಅಧಿಕಾರಿಗಳು ಅಂಕದ ವಹಿಯನ್ನೇ ಕೇಳುತ್ತಾರೆ. ಇಂಥ ಟಿಪ್ಪಣಿಗೆ ಬೆಲೆ ಉಂಟೇ?

ಉತ್ತರ: ಖಂಡಿತ ಉಂಟು. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಸೆಕ್ಷನ್ ಹೇಳುವುದೇ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು, ಎಂದರೆ ಮಗುವಿನ ಕಲಿಕೆಯನ್ನು ವರ್ಷವಿಡೀ ಎಲ್ಲ ಬಗೆಯಲ್ಲೂ ನೋಡುವುದನ್ನು. ಜೂನ್ ತಿಂಗಳ ಸಾಲನ್ನೂ ನವೆಂಬರಿನ ಸಾಲನ್ನೂ ಅಕ್ಕಪಕ್ಕ ತೋರಿಸಿ. ನೀವು ಕೊಟ್ಟ ಶ್ರೇಣಿಗೆ ಅದಕ್ಕಿಂತ ಗಟ್ಟಿಯಾದ ಆಧಾರ ಬೇಕಿಲ್ಲ. ಪೋಷಕರ ಸಭೆಯಲ್ಲಿ ತಾಯಂದಿರಿಗೆ ಓದಿ ಹೇಳಿದರೂ ಚೆನ್ನ.

ಒಂದು ಎಚ್ಚರ ಮಾತ್ರ ಇರಲಿ. ಮುಂದಿನ ಸಾಲಿನ ಚುರುಕು ಮಕ್ಕಳ ಪುಟ ಬೇಗ ತುಂಬಿಬಿಡುತ್ತದೆ. ಶನಿವಾರ ಪುಸ್ತಕ ತಿರುವಿ, ಯಾರ ಪುಟ ಖಾಲಿ ಇದೆ ಎಂದು ನೋಡಿಕೊಳ್ಳಿ. ಸೋಮವಾರ ಮೊದಲು ಆ ಮಗುವಿನ ಪಕ್ಕ ಹೋಗಿ ಕುಳಿತುಕೊಳ್ಳಿ.